ಮೂರು ಚುಕ್ಕಿಯ ಕೊಪ್ಪರಿಗೆ

ಹೋದ ತಿಂಗಳು ಹೊಳಲ್ಕೆರೆಯಿಂದ ಅಣ್ಣತಮ್ಮಂದಿರಿಬ್ಬರು ನನ್ನನ್ನು ಹುಡುಕಿಕೊಂಡು ಚಿತ್ರದುರ್ಗಕ್ಕೆ ಬಂದಿದ್ದರು. ಮದುವೆ ಅಡಿಗೆಯವರಿಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಡುತ್ತಾರಂತೆ. ಜಗಲಿಯ ಮೇಲೆ ಕೂತವರೇ, "ಎಷ್ಟು ಹಂಡೆ ತಗಬೇಕು, ಎಷ್ಟು ಕೊಪ್ಪರಿಗೆ ತಗಬೇಕು, ಹೇಳ್ರಿ ಯಜಮಾನ್ರೇ" ಎಂದರು. "ಅಡಿಗೆಯವರು ಯಾರಾದ್ರೂ ಗೊತ್ತೇನಪ್ಪ ನಿಮಗೆ?" ಎಂದು ಕೇಳಿದೆ. ಮುಖ ಮುಖ ನೋಡಿಕೊಂಡರು. ಒಬ್ಬ ಅಡಿಗೆಯವನೂ ಗೊತ್ತಿಲ್ಲ! ನನಗೆ ರೇಗಿಹೋಯಿತು. "ಮೊದಲು ಒಬ್ಬ ಅಡಿಗೆಯವನ ಕೈಲಿ ಬೈಸಿಕೊಂಡು ಬರ್ರಿ, ಆಮೇಲೆ ತಾಮ್ರದ ಮಾತು" ಎಂದು ಕಳಿಸಿಬಿಟ್ಟೆ. ಅವರು ಹೋದ ಮೇಲೆ ಪಾಪ ಎನ್ನಿಸಿತು. ಅಷ್ಟು ದೂರ ಬಂದವರಿಗೆ ಒಂದು ಲೋಟ ಮಜ್ಜಿಗೆ ಕೂಡ ಕೊಡಲಿಲ್ಲ ಎಂದು ಮನೆಯವಳು ಬೇರೆ ಗೊಣಗಿದಳು. ಆ ಮಜ್ಜಿಗೆಯ ಬದಲಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಕೆಲಸ ಹಿಡಿಯುವುದಕ್ಕೆ ಕಾರಣ ನನ್ನ ತಂಗಿಯ ಮದುವೆ. ಆ ಕಾಲದಲ್ಲಿ ಮದುವೆ ಎಂದರೆ ಕೇರಿಯ ಮನೆಮನೆಗೂ ಹೋಗಿ ಪಾತ್ರೆ ಎರವಲು ತರಬೇಕು. ಹನ್ನೊಂದು ಮನೆಯಿಂದ ತಂದೆವು. ಯಾರದು ಯಾವುದೆಂದು ಗೊತ್ತಾಗಲೆಂದು ಪಾತ್ರೆ ಹಿಡಿಯುವ ಬಳೆಗೆ ಬಣ್ಣಬಣ್ಣದ ದಾರ ಕಟ್ಟಿದೆವು. ಒಲೆಯ ಉರಿಗೆ ದಾರ ಉಳಿಯುತ್ತದೆಯೇ? ಮಾರನೆಯ ದಿನ ಎಲ್ಲ ಸುಟ್ಟುಹೋಗಿತ್ತು. ಪಕ್ಕದ ಮನೆಯ ತಪ್ಪಲೆ ಎದುರು ಮನೆಗೆ ಹೋಯಿತು, ಎದುರು ಮನೆಯದು ನೆಗ್ಗಿಹೋಗಿತ್ತು. ಎರಡು ಮನೆಯವರೂ ನಮ್ಮ ಜೊತೆ ಮಾತು ಬಿಟ್ಟರು. ತಂಗಿಗೆ ಎರಡು ಮಕ್ಕಳಾದ ಮೇಲೂ ಆ ಸಿಟ್ಟು ಆರಿರಲಿಲ್ಲ.

ಅಂದು ಅಡಿಗೆಗೆ ಬಂದಿದ್ದವನು ಹೊಳಲ್ಕೆರೆಯ ಮರುಳಪ್ಪ. ಸುತ್ತ ನಾಲ್ಕು ತಾಲ್ಲೂಕಿನಲ್ಲಿ ದೊಡ್ಡ ಅಡಿಗೆಯೆಂದರೆ ಅವನೇ. ಹೆಗಲ ಮೇಲೆ ತನ್ನದೊಂದು ಉದ್ದ ಸೌಟು ಬಿಟ್ಟರೆ ಬೇರೆ ಏನನ್ನೂ ತರುತ್ತಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವನು, ಬಾಯಿ ಜೋರು. ಹುಗ್ಗಿ ತಳ ಹಿಡಿದ ವಾಸನೆ ಬಂದಾಗ ನನ್ನನ್ನು ಕರೆದು ರೇಗಿದ: "ಲೇ ಸಿದ್ದಾ, ಒಂದು ಪಾತ್ರೆ ತಳ ಹಪ್ಪಳ ಇದ್ದಂಗೈತೆ, ಇನ್ನೊಂದರದು ಬಂಡೆ ಇದ್ದಂಗೈತೆ. ಇದು ಸೀಯ್ತೈತೆ, ಅದು ಬೇಯಲ್ಲ. ನನ್ನ ಹೆಸರು ಕೆಡಿಸ್ತೀರಲ್ಲೋ ನೀವು!" ಮದುವೆಯ ಗಲಾಟೆಯಲ್ಲಿ ಅಂದು ಬೇರೆ ಕೆಲಸಕ್ಕೆ ಓಡಿದೆ. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅಡಿಗೆಯವನಿಗೆ ಬೇಕಾದದ್ದು ಪಾತ್ರೆ ಅಲ್ಲ, ಗುರುತಿರುವ ಪಾತ್ರೆ. ಬಾಡಿಗೆ ಕೊಡುವವನು ಮದುವೆ ಮನೆಯವನಾದರೂ ನಿಮ್ಮ ಗಿರಾಕಿ ಒಲೆಯ ಮುಂದೆ ನಿಂತವನು. ಹೊಸದಾಗಿ ಅಂಗಡಿ ಇಡುವವರು ಇದೊಂದನ್ನು ಮರೆಯಬೇಡಿ.

ಆಗ ನಾನು ಹಿರಿಯೂರಿನ ತೆಂಗಿನಕಾಯಿ ಮಂಡಿಯೊಂದಕ್ಕೆ ಗಾಡಿ ಹೊಡೆಯುತ್ತಿದ್ದೆ. ಎತ್ತು ಗಾಡಿ ನನ್ನವೇ. ತಾಮ್ರ ಮಾತ್ರ ಇರಲಿಲ್ಲ. ನನ್ನ ಹೆಂಡತಿ ಬಸಮ್ಮ ಹೊಸದುರ್ಗದ ಕಡೆಯವಳು. ಅವಳ ತೌರಿನಿಂದ ಬಳುವಳಿಯಾಗಿ ಬಂದ ಒಂದು ದೊಡ್ಡ ಕೊಪ್ಪರಿಗೆ, ಎರಡು ಹಂಡೆ ಅಟ್ಟದ ಮೇಲಿದ್ದವು. ಆ ಕೊಪ್ಪರಿಗೆಯಲ್ಲಿ ಮುನ್ನೂರು ಜನಕ್ಕೆ ಹುಗ್ಗಿ ಮಾಡಬಹುದಿತ್ತು. ಕೇಳುವುದಕ್ಕೆ ನನಗೆ ನಾಚಿಕೆ. ಎಂಟು ದಿನ ಸುತ್ತಿ ಬಳಸಿ ಮಾತಾಡಿದೆ. ಒಂಬತ್ತನೆಯ ದಿನ ಅವಳೇ, "ಕೊಪ್ಪರಿಗೆ ಬೇಕು ಅನ್ನಾಕೆ ಎಷ್ಟು ದಿನ ಬೇಕ್ರಿ ನಿಮಗೆ? ಇಳಿಸ್ಕಳ್ರಿ" ಎಂದಳು. ಜೊತೆಗೇ ಒಂದು ಕರಾರು ಹಾಕಿದಳು. ಅವಳ ತೌರಿನ ತಾಮ್ರ ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಹೋಗಲಿ. ಸತ್ತವರ ಹೆಸರಿನಲ್ಲಿ ಮಾಡುವ ಆರಾಧನೆಯ ಊಟಕ್ಕೆ ಹೋಗಕೂಡದು. ನಾನೂ ಒಪ್ಪಿದೆ. ಆರಾಧನೆಗೆಂದೇ ಹಳೆಯ ಪಾತ್ರೆಗಳ ಬೇರೊಂದು ಜೊತೆ ಕೊಂಡೆ. ಶುಭದ ಪಾತ್ರೆಯ ಬಳೆಯ ಹತ್ತಿರ ಉಳಿಯಿಂದ ಮೂರು ಚುಕ್ಕಿ ಹೊಡೆಸಿದೆ, ಆರಾಧನೆಯದಕ್ಕೆ ಒಂದು ಗೀಟು. ಈ ಚುಕ್ಕಿ ಗೀಟಿನ ಮೇಲೇ ನನ್ನ ವ್ಯಾಪಾರವೆಲ್ಲ ನಿಂತಿತ್ತು. ಸಾವಿನ ಮನೆಯ ಪಾತ್ರೆ ಮದುವೆಗೆ ಬಂತೆಂದು ಒಂದು ಸಲ ಸುದ್ದಿಯಾದರೆ ಸಾಕು, ಆಮೇಲೆ ನನ್ನ ಗಾಡಿಯನ್ನು ಯಾರೂ ಬಾಗಿಲಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಮೊದಲ ವರ್ಷ ಬೈಗುಳವನ್ನೇ ಉಂಡೆ. ಪಾತ್ರೆಗೆ ಬಾಡಿಗೆಯೆಂಬ ಮಾತನ್ನೇ ಜನ ಕೇಳಿರಲಿಲ್ಲ. "ಇವತ್ತು ತಪ್ಪಲೆಗೆ ದುಡ್ಡು ಕೇಳ್ತೀಯ, ನಾಳೆ ಬಾವಿ ನೀರಿಗೂ ಕೇಳು" ಎಂದು ಒಬ್ಬ ಮುದುಕಪ್ಪ ಮುಖಕ್ಕೇ ಅಂದ. ದಾರಿ ತೋರಿಸಿದವರು ನಮ್ಮ ಕೇರಿಯ ಕಲಾಯಿ ಇಮಾಂ ಸಾಬರು. ತಾಮ್ರದ ಒಳಗೆ ತವರದ ಕಲಾಯಿ ಇಲ್ಲದಿದ್ದರೆ ಹುಳಿ ಹಾಕಿದ ಸಾರು ಕಿಲುಬು ಹಿಡಿಯುತ್ತದೆ. ಅದಕ್ಕೇ ಎರಡು ಮೂರು ಮದುವೆಗೊಮ್ಮೆ ಎಲ್ಲ ಪಾತ್ರೆಯೂ ಅವರ ಕುಲುಮೆಗೆ ಹೋಗುತ್ತಿತ್ತು. ತಿದಿ ಒತ್ತುತ್ತ ಅವರೊಂದು ದಿನ ಹೇಳಿದರು: "ಬಾಡಿಗೆ ಅಂತ ಯಾಕಂತೀರಿ ಸಿದ್ದಪ್ಪನೋರೇ? ಕಲಾಯಿ ಕಾಸು ಅನ್ರಿ. ಕಲಾಯಿಗೆ ಕೊಡಾಕೆ ಯಾರಿಗೂ ನಾಚ್ಕೆ ಇಲ್ಲ." ನೋಡಿ, ಅಷ್ಟೇ! ಅಂದಿನಿಂದ ಯಾರೂ ಮುಖ ಸಿಂಡರಿಸಲಿಲ್ಲ. ಈಗಲೂ ನಮ್ಮ ಕಡೆ ಪಾತ್ರೆ ಬಾಡಿಗೆಗೆ ಹಳಬರು ಕಲಾಯಿ ಕಾಸು ಎಂದೇ ಅನ್ನುತ್ತಾರೆ.

ಕಾಸಿನ ಜೊತೆಗೆ ಇನ್ನೊಂದು ಬರುತ್ತಿತ್ತು. ಶುಭದ ಮನೆಯಿಂದ ಪಾತ್ರೆಯನ್ನು ಬರಿದಾಗಿ ಕಳಿಸುವುದಿಲ್ಲ. ಒಳಗೆ ಒಂದು ಹಿಡಿ ಅಕ್ಕಿಯೋ ಜೋಳವೋ ಒಂದಚ್ಚು ಬೆಲ್ಲವೋ ಇರುತ್ತದೆ. ಸಾವಿನ ಮನೆಯಿಂದಾದರೆ ಪಾತ್ರೆ ಬರಿದಾಗಿ ಬರಬೇಕು, ಅದನ್ನು ಅಂಗಳದಲ್ಲಿ ಬೋರಲು ಹಾಕಿ ಹೋಗಬೇಕು. ಹೀಗಾಗಿ ಗಾಡಿ ಬಂದ ದಿನ ಬಸಮ್ಮ ಮೊದಲು ಇಣುಕುತ್ತಿದ್ದುದು ಪಾತ್ರೆಗಳ ಒಳಗೆ. ಯಾವ ಊರಿನವರು ಕೈ ಬಿಚ್ಚಿ ಕೊಡುವವರು, ಯಾರು ನಾಲ್ಕು ಕಾಳು ಹಾಕಿ ಶಾಸ್ತ್ರ ಮುಗಿಸುವವರು ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ನನ್ನ ದಡ್ಡತನಗಳನ್ನೂ ಹೇಳಿಬಿಡುತ್ತೇನೆ. ಮದಕರಿಪುರದ ಮೊದಲನೇ ಮದುವೆಗೆ ಪಾತ್ರೆಗಳನ್ನು ಸುಮ್ಮನೆ ಗಾಡಿಯಲ್ಲಿ ಪೇರಿಸಿ ಹೊರಟೆ. ಊರು ದಾಟಿದ ಮೇಲೆ ರಸ್ತೆ ಗುಂಡಿಗೆ ಇಳಿದದ್ದೇ ತಡ, ಢಣ್ ಢಣ್ ಎಂದು ಹಂಡೆಗೆ ಹಂಡೆ ಬಡಿಯಿತು. ತೆಂಗಿನಕಾಯಿ ಎಳೆದ ಎತ್ತುಗಳಿಗೆ ಆ ಸದ್ದು ಹೊಸದು, ಬೆದರಿ ಕಿತ್ತುಕೊಂಡು ಓಡಿದವು. ಓಡಿದಷ್ಟೂ ಸದ್ದು ಹೆಚ್ಚು, ಸದ್ದು ಹೆಚ್ಚಿದಷ್ಟೂ ಓಟ ಹೆಚ್ಚು. ಹಗ್ಗ ಹಿಡಿದು "ಹೋ ಹೋ" ಎಂದು ಕೂಗುತ್ತ ಮದಕರಿಪುರಕ್ಕೆ ನಾನು ಹೊತ್ತಿಗೆ ಮುಂಚೆಯೇ ತಲುಪಿದೆ, ಕೊಪ್ಪರಿಗೆ ಮಾತ್ರ ಅರ್ಧ ದಾರಿಯಲ್ಲಿ ಉರುಳಿ ಹುರುಳಿ ಹೊಲದ ಬದುವಿನ ಕಲ್ಲಿಗೆ ಬಡಿದು ಬಿದ್ದಿತ್ತು. ಪಕ್ಕದಲ್ಲಿ ಸೀಳು ಬಿಟ್ಟಿತ್ತು. ಆಮೇಲೆ ಅದಕ್ಕೆ ವೀಳ್ಯದೆಲೆಯ ಆಕಾರದ ತೇಪೆ ಹಾಕಿಸಿದೆ. ಬಸಮ್ಮ ಆ ತೇಪೆಯ ಮೇಲೆ ಕೈಯಾಡಿಸಿ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಪಾತ್ರೆ ಸಾಗಿಸುವವರೇ, ಒಂದೊಂದರ ನಡುವೆಯೂ ಭತ್ತದ ಹುಲ್ಲು ತುರುಕಿರಿ.

ಸ್ವಂತ ಕಸುಬಾದ್ದರಿಂದ ನಿನಗೆ ಮೇಲಧಿಕಾರಿಯ ಕಾಟ ಇರಲಿಲ್ಲವಲ್ಲ ಎಂದು ಕೆಲವರು ಅನ್ನುವುದುಂಟು. ನನಗೆ ಮರುಳಪ್ಪನಿದ್ದ! ಗಾಡಿ ನಿಂತ ಕೂಡಲೇ ಒಂದೊಂದು ಪಾತ್ರೆಯನ್ನೂ ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಡುತ್ತಿದ್ದ. ಸದ್ದು ಹಿಡಿಸದಿದ್ದರೆ ಪಕ್ಕಕ್ಕೆ. ಒಂದು ಸಲ ಗಿಡ್ಡ ಹಿಡಿಯ ಸಟ್ಟುಗ ತಂದಿದ್ದಕ್ಕೆ ನನ್ನನ್ನೇ ಒಲೆಯ ಮುಂದೆ ನಿಲ್ಲಿಸಿ ಹುಗ್ಗಿ ತಿರುವಿಸಿದ. ಮೊಣಕೈವರೆಗೆ ಕೂದಲು ಸೀದುಹೋಯಿತು. "ಈಗ ಗೊತ್ತಾತಾ ಹಿಡಿ ಎಷ್ಟುದ್ದ ಇರಬೇಕು ಅಂತ?" ಎಂದು ಕೇಳಿದ. ಗೊತ್ತಾಯಿತು, ಚೆನ್ನಾಗಿಯೇ ಗೊತ್ತಾಯಿತು.

ಆದರೆ ಅವನಿಗೂ ಒಮ್ಮೆ ನಾನು ಕಲಿಸಿದ್ದೇನೆ. ಮೊದಲೆಲ್ಲ ಅನ್ನವನ್ನು ಬಿದಿರ ಪುಟ್ಟಿಯಲ್ಲೂ ಸಾರನ್ನು ಮಣ್ಣಿನ ಮೊಗೆಯಲ್ಲೂ ತುಂಬಿ ಬಡಿಸುತ್ತಿದ್ದರು. ಮೊಗೆ ಒಡೆದು ಸಾರು ಉಣ್ಣುವವರ ಮಡಿಲಿಗೇ ಸುರಿಯುವುದು ಮದುವೆಗೊಂದಾದರೂ ಆಗುತ್ತಿತ್ತು. ನಾನು ಹಿತ್ತಾಳೆಯ ಬಕೀಟು ತಂದೆ. "ನೀರು ಸೇದೋ ಬಕೀಟಲ್ಲಿ ಸಾರು ಬಡಿಸ್ತಾರೇನಲೇ? ನಾಳೆ ಬಾವಿ ಹಗ್ಗ ಕಟ್ಟಿ ಎಲೆ ಮೇಲೆ ಬಿಡು!" ಎಂದು ಮರುಳಪ್ಪ ಎಲ್ಲರೆದುರು ನಗಾಡಿದ. ನಾನು ಬಾಯಿ ಮುಚ್ಚಿಕೊಂಡು ಬಕೀಟುಗಳನ್ನು ಗಾಡಿಯಲ್ಲೇ ಬಿಟ್ಟೆ. ಅಂದೇ ಮೂರು ಮೊಗೆ ಒಡೆದವು, ಒಂದು ಬೀಗರ ಮೇಲೆ. ಮುಂದಿನ ಮದುವೆಯಲ್ಲಿ ಆಚೆ ಈಚೆ ನೋಡಿ, "ಅದು... ಬಕೀಟು ತಂದೀಯೇನೋ?" ಎಂದ. ಈಗ ಬಕೀಟಿಲ್ಲದೆ ಯಾರು ಬಡಿಸುತ್ತಾರೆ ಹೇಳಿ. ಗಾಡಿ ಹೋಗಿ ಮೋಟಾರು ಬಂತು, ಹೊಗೆ ಹಿಡಿದ ಕಂದೀಲು ಹೋಗಿ ಗ್ಯಾಸ್‌ಲೈಟು ಬಂತು. ಆದರೂ ನಾನು ಹೆಮ್ಮೆಯಿಂದ ಹೇಳಿಕೊಳ್ಳುವುದು ಆ ಬಕೀಟನ್ನೇ.

ಇನ್ನು ಮುಖ್ಯವಾದದ್ದಕ್ಕೆ ಬರುತ್ತೇನೆ.

ಆ ಕೆಟ್ಟ ಜ್ವರ ಬಂದ ವರ್ಷ ನಮ್ಮ ಸೀಮೆಯಲ್ಲಿ ಮದುವೆಗಳೇ ನಿಂತುಹೋದವು. ಮೂರು ಚುಕ್ಕಿಯ ಪಾತ್ರೆಗಳು ಅಟ್ಟದಲ್ಲಿ, ಗೀಟಿನ ಪಾತ್ರೆಗಳು ಒಂದು ಮನೆಯಿಂದ ಇನ್ನೊಂದು ಮನೆಗೆ. ನಾನೂ ಹಾಸಿಗೆ ಹಿಡಿದೆ, ಹತ್ತು ದಿನ ಪ್ರಜ್ಞೆಯೇ ಸರಿಯಾಗಿರಲಿಲ್ಲ. ಬದುಕಿ ಎದ್ದು ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದರೆ, ಬಸಮ್ಮನ ತೌರಿನ ಕೊಪ್ಪರಿಗೆ ಬೋರಲಾಗಿ ಬಿದ್ದಿದೆ!

"ಯಾರು ಕೊಟ್ಟಿದ್ದು ಇದನ್ನ?" ಎಂದು ಕೂಗಿದೆ.

"ನಾನೇ" ಎಂದಳು ಬಸಮ್ಮ, ಅಂಬಲಿಯ ಬಟ್ಟಲು ಹಿಡಿದು ಬಂದು. "ಗಾಣದಾಗೆ ಕೆಲಸ ಮಾಡ್ತಿದ್ನಲ್ಲ, ಅವನು ಹೋಗ್ಬಿಟ್ಟ. ಅವನ ಹೆಂಡ್ತಿ ಈರಮ್ಮ ಬಂದಿದ್ಲು. ಗೀಟಿನವು ಒಂದೂ ಮನೇಲಿರ್ಲಿಲ್ಲ. ಒಳಗೆ ನೀವು ಹಂಗೆ ಮಲಗಿದ್ರಿ. ಅವಳ ಮುಖ ನೋಡಿ ಇಲ್ಲ ಅನ್ನಾಕೆ ನನ್ನ ಕೈಲಿ ಆಗ್ಲಿಲ್ಲ."

ಕರಾರು ಹಾಕಿದವಳೇ ಕರಾರು ಮುರಿದಿದ್ದಳು. ನಾನು ಒಂದು ಒಳ್ಳೆಯ ಮಾತು ಆಡಬಹುದಿತ್ತು, ಆಡಲಿಲ್ಲ. "ಆತು, ಈ ವಿಷಯ ಇನ್ನು ಈ ಮನೇಲಿ ಎತ್ತಬೇಡ. ಮರುಳಪ್ಪನ ಕಿವಿಗೆ ಬಿದ್ರೆ ನಾವು ಮುಳುಗಿದ್ವಿ" ಎಂದೆ. ಅವಳು ಸರಿಯೆಂದು ತಲೆಯಾಡಿಸಿ ಅಂಬಲಿ ಕೊಟ್ಟಳು. ಕೊಪ್ಪರಿಗೆಗೆ ಎರಡು ಸಲ ಕಲಾಯಿ ಹಾಕಿಸಿ ಅಟ್ಟಕ್ಕೆ ಏರಿಸಿದೆ, ಮತ್ತೆ ಇಳಿಸುವುದಿಲ್ಲವೆಂದು ಮನಸ್ಸಿನಲ್ಲೇ ಅಂದುಕೊಂಡೆ.

ಮಾರನೆಯ ವರ್ಷ ಜನ ಚೇತರಿಸಿಕೊಂಡರು. ಹಿರಿಯೂರಿನಾಚೆ ಯಲ್ಲದಕೆರೆಯಲ್ಲಿ ದೊಡ್ಡ ಮದುವೆಯೊಂದು ಗೊತ್ತಾಯಿತು. ಜ್ವರದ ನಂತರದ ಮೊದಲ ದೊಡ್ಡ ಅಡಿಗೆ ಅದು. ಅದು ಚೆನ್ನಾಗಿ ನಡೆದರೆ ಆ ಸೀಮೆಯ ಮದುವೆಗಳೆಲ್ಲ ನಮಗೇ ಬರುತ್ತಿದ್ದವು. ಮರುಳಪ್ಪನೇ ಮನೆಗೆ ಬಂದ. "ಆ ತೇಪೆ ಕೊಪ್ಪರಿಗೆ ಬೇಕು ಕಣೋ" ಎಂದ.

"ಅದು ಬ್ಯಾಡಣ್ಣ, ತಳ ಸರಿ ಇಲ್ಲ."

"ತಳದ ಮಾತು ನನಗೆ ಹೇಳ್ತೀಯೇನಲೇ? ಗಾಡಿಗೆ ಹಾಕು."

ಬಸಮ್ಮನ ಮುಖ ನೋಡಿದೆ, ಅವಳು ಸೂರು ನೋಡುತ್ತಿದ್ದಳು. ಇಲ್ಲವೆನ್ನುವ ಧೈರ್ಯ ಬರಲಿಲ್ಲ, ಗಾಡಿಗೆ ಹಾಕಿದೆ. ಯಲ್ಲದಕೆರೆಯವರೆಗೂ ನನ್ನ ಬಾಯಿಗೆ ಎಲೆಯಡಿಕೆ ರುಚಿಸಲಿಲ್ಲ.

ಧಾರೆಯ ದಿನ. ಹೊತ್ತು ನೆತ್ತಿಗೆ ಬಂದಿತ್ತು. ಗೋಧಿ ಹುಗ್ಗಿ ಕೊಪ್ಪರಿಗೆಯಲ್ಲಿ ಹದಕ್ಕೆ ಬಂದು ಏಲಕ್ಕಿಯ ವಾಸನೆ ಚಪ್ಪರದ ತುಂಬ ಹರಡಿತ್ತು. ಎಲೆ ಹಾಕುವುದೊಂದೇ ಬಾಕಿ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಹೆಂಗಸೊಬ್ಬಳು ಬಂದು ನನ್ನ ಮುಂದೆ ನಿಂತಳು. ಈರಮ್ಮ! ಯಲ್ಲದಕೆರೆ ಅವಳ ತೌರು, ಗಂಡ ಹೋದ ಮೇಲೆ ಅಣ್ಣನ ಮನೆಗೆ ಬಂದಿದ್ದಳಂತೆ. ನನಗೆ ಅದು ಗೊತ್ತೇ ಇರಲಿಲ್ಲ.

"ಅಣ್ಣಾ, ಬಸಮ್ಮಕ್ಕ ಚೆನ್ನಾಗಿ ಅವ್ರಾ?" ಎಂದಳು. ಕಣ್ಣು ಕೊಪ್ಪರಿಗೆಯ ತೇಪೆಯ ಮೇಲಿತ್ತು. "ನಮ್ಮ ಮನೆಯೋರ ಆರಾಧನೆಗೆ ಈ ಕೊಪ್ಪರಿಗೆ ಕೊಟ್ಟು ನನ್ನ ಮಾನ ಉಳಿಸಿದ್ರು. ಸಾಯೋವರ್ಗೂ ಮರೆಯಲ್ಲ ಅಂತ ಹೇಳ್ರಿ."

ಪಾಪ, ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಆದರೆ ಹಿಂದೆಯೇ ಮದುಮಗಳ ಸೋದರಮಾವ ನಿಂತಿದ್ದ.

"ಏನಂದೆ? ಸಾವಿನ ಮನೆ ಪಾತ್ರೇನಾ ಇದು?" ಎಂದು ಅವನು ಕೂಗಿದ್ದಕ್ಕೆ ಓಲಗದವರೂ ನಿಲ್ಲಿಸಿಬಿಟ್ಟರು. ಜನ ಸುತ್ತುಗಟ್ಟಿದರು. "ಚೆಲ್ರಿ ಹುಗ್ಗೀನ! ನಮ್ಮ ಹುಡುಗಿ ಮದುವೆಗೆ ಎಂಥಾ ಅಪಶಕುನ ತಂದ್ಯಲ್ಲೋ!" ಎಂದು ನನ್ನ ಹೆಗಲ ವಲ್ಲಿ ಹಿಡಿದು ಜಗ್ಗಿದ. ಈರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಳು. ಚಪ್ಪರದೊಳಗೆ ಮದುಮಗಳು ಅಳಲು ಶುರುಮಾಡಿದಳು. ಯಾರೋ ಮದುವೆ ಮಾಡಿಸಿದ ಅಯ್ಯನವರನ್ನು ಕೇಳಿದರು. ಅವರು ಶಾಲು ಸರಿಮಾಡಿಕೊಳ್ಳುತ್ತ, "ನಮ್ಮ ಲಿಂಗವಂತರಲ್ಲಿ ಸೂತಕ ಇಲ್ಲಪ್ಪ, ಅದು ನಿಜ. ಆದ್ರೂನೂ..." ಎಂದು ಆಕಾಶ ನೋಡಿದರು. ಆ 'ಆದ್ರೂನೂ' ಕೇಳಿ ನನ್ನ ಕಥೆ ಮುಗಿಯಿತೆಂದುಕೊಂಡೆ.

ಆಗ ಮರುಳಪ್ಪ ಸೌಟು ಕೆಳಗಿಟ್ಟು ಎದ್ದ. ಬೆವರು ಒರೆಸಿಕೊಂಡು ಎರಡೂ ಅಂಗೈಗಳನ್ನು ಸೋದರಮಾವನ ಮುಖದ ಮುಂದೆ ಹಿಡಿದ.

"ಯಜಮಾನ್ರೇ, ಅವತ್ತು ಆ ಮನೆಯಾಗೆ, ಇದೇ ಕೊಪ್ಪರಿಗೇಲಿ ಅಡಿಗೆ ಮಾಡಿದ್ದು ಯಾರು ಗೊತ್ತೇನ್ರಿ? ನಾನು. ಆ ಜ್ವರದಾಗೆ ಇಂಥವು ಎಷ್ಟು ಮನೇಲಿ ಮಾಡೀನಿ ಅಂತ ನನಗೇ ನೆಪ್ಪಿಲ್ಲ. ಪಾತ್ರೆಗೆ ಎರಡು ಜೊತೆ ಮಾಡ್ಕಂಡೀರಿ, ಒಂದಕ್ಕೆ ಚುಕ್ಕಿ, ಒಂದಕ್ಕೆ ಗೀಟು. ನನಗೆ ಕೈ ಒಂದೇ ಜೊತೆ. ನಿಮ್ಮನೆ ಹೋಳಿಗೆ ತಟ್ಟಿದ್ದೂ ಇವೇ, ಸತ್ತೋರ ಮನೇಲಿ ಅನ್ನ ಬಾಗಿಸಿದ್ದೂ ಇವೇ. ಹುಗ್ಗಿ ಚೆಲ್ಲೋದಿದ್ರೆ ಮೊದಲು ಈ ಕೈ ಕಡಿದು ಚೆಲ್ರಿ. ಆಮೇಲೆ ಇಪ್ಪತ್ತು ವರ್ಷದಿಂದ ನನ್ನ ಕೈಲಿ ಉಂಡೋರೆಲ್ಲ ಬರ್ರಿ, ಅದನ್ನೂ ಕಕ್ಕುವಿರಂತೆ."

ಸೋದರಮಾವನ ಕೈ ನನ್ನ ವಲ್ಲಿಯನ್ನು ಬಿಟ್ಟಿತು. ಆಮೇಲೆ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದ ಮದುಮಗಳ ಅಜ್ಜಿ ಕೋಲೂರಿಕೊಂಡು ಎದ್ದು ಬಂದಳು. ಹೋದ ವರ್ಷದ ಜ್ವರದಲ್ಲಿ ಆ ಅಜ್ಜಿ ಒಬ್ಬ ಮಗನನ್ನು ಕಳೆದುಕೊಂಡಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಅವಳು ನೇರವಾಗಿ ಈರಮ್ಮನ ಹತ್ತಿರ ಹೋಗಿ ಕೈ ಹಿಡಿದುಕೊಂಡು, "ಬಾರವ್ವ, ಹಿತ್ತಲಾಗೆ ಯಾಕೆ ನಿಂತೀಯ? ಪಂಕ್ತೀಲಿ ಕುಂತ್ಕ" ಎಂದಳು. ಮತ್ತೆ ಸೋದರಮಾವನ ಕಡೆಗೂ ಸುತ್ತ ನಿಂತವರ ಕಡೆಗೂ ತಿರುಗಿ ಗದರಿದಳು: "ಏನ್ ನೋಡ್ತಾ ನಿಂತೀರಿ? ಎಲೆ ಹಾಕ್ರಿ, ಹುಗ್ಗಿ ಆರ್ತೈತೆ."

ಎಲೆ ಹಾಕಿದರು. ಮೊದಲ ಪಂಕ್ತಿಯಲ್ಲೇ ಸೋದರಮಾವ ಎರಡು ಸಲ ಹುಗ್ಗಿ ಹಾಕಿಸಿಕೊಂಡ. ನಾನು ಒಲೆಯ ಹಿಂದೆ ಹೋಗಿ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

"ಅಣ್ಣ, ನಿನಗೆ ಗೊತ್ತಿದ್ರೂ ಇದೇ ಕೊಪ್ಪರಿಗೆ ಬೇಕು ಅಂದ್ಯಲ್ಲ?" ಎಂದು ಮರುಳಪ್ಪನನ್ನು ಕೇಳಿದೆ.

"ಹುಗ್ಗಿಗೆ ಇದರಂಥ ತಳ ಇನ್ನೊಂದಿಲ್ಲ ಕಣೋ. ಸುಮ್ನೆ ಬಕೀಟು ತುಂಬು" ಎಂದ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಬಸಮ್ಮ ಒಂದಿಷ್ಟೂ ಆಶ್ಚರ್ಯಪಡಲಿಲ್ಲ. "ಅವತ್ತು ಮರುಳಣ್ಣನಿಗೆ ಹೇಳಿಕಳ್ಸಿದ್ದು ನಾನೇ. ಒಂದು ಕಾಸೂ ತಗಳ್ದೆ ಮಾಡಿಕೊಟ್ಟ" ಎಂದಳು.

"ಮತ್ತೆ ವರ್ಷವೆಲ್ಲ ನಾನು ಒದ್ದಾಡೋವಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ವಿಷಯ ಎತ್ತಬೇಡ ಅಂದೋರು ಯಾರು?"

ಅವಳು ಎಂದಿನಂತೆ ಗಾಡಿಯ ಹತ್ತಿರ ಹೋಗಿ ಪಾತ್ರೆಗಳೊಳಗೆ ಇಣುಕಿದಳು. ಕೊಪ್ಪರಿಗೆಯಲ್ಲಿ ಮದುವೆ ಮನೆಯವರ ಅಕ್ಕಿ, ಬೆಲ್ಲದ ಅಚ್ಚು ಇದ್ದವು. ಅವುಗಳ ಪಕ್ಕದಲ್ಲಿ ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿದ ಇನ್ನೊಂದು ಗಂಟು. ಹೊರಡುವಾಗ ಈರಮ್ಮ ಓಡಿಬಂದು ಅದನ್ನು ಒಳಗಿಟ್ಟು ಹೇಳಿದ್ದ ಮಾತನ್ನು ನಾನು ಬಸಮ್ಮನಿಗೆ ಒಪ್ಪಿಸಿದೆ: "ಅವತ್ತು ಬರಿದೇ ಕಳಿಸಿದ್ದೆ ಅಂತ ಅಕ್ಕನಿಗೆ ಹೇಳ್ರಿ."

ಗಂಟಿನಲ್ಲಿ ಎರಡು ಹಿಡಿ ನವಣೆ ಇತ್ತು. ಬಸಮ್ಮ ಅದನ್ನು ಮಡಿಲಿಗೆ ಸುರಿದುಕೊಂಡು ಅಂಗಳದಲ್ಲೇ ಕೂತಳು. ನಾನು ಅರ ತಂದು ಗೀಟಿನ ಪಾತ್ರೆಗಳನ್ನೆಲ್ಲ ಅವಳ ಮುಂದೆ ಜೋಡಿಸಿ, ಒಂದೊಂದಾಗಿ ಗೀಟು ಉಜ್ಜಿ ತೆಗೆಯಲು ಶುರುಮಾಡಿದೆ.